ಎಂಟನೆಯ ಮನೆ

ಸಕ್ಕರೆ ಸಾಲುತ್ತದೋ ಇಲ್ಲವೋ ಎಂದು ರಾಜಮಾಬಿ ಮೂರನೆಯ ಸಲ ಡಬ್ಬಿಯ ಮುಚ್ಚಳ ತೆಗೆದು ನೋಡಿದಳು. ಸಾಲುತ್ತಿತ್ತು. ಮೊದಲ ಸಲ ನೋಡಿದಾಗಲೂ ಸಾಲುತ್ತಿತ್ತು. ಆದರೂ ಕೈ ಸುಮ್ಮನಿರಲೊಲ್ಲದು. ಡಬ್ಬಿ ಬಿಟ್ಟರೆ ಕಪ್ಪು ಒರೆಸುತ್ತದೆ, ಕಪ್ಪು ಬಿಟ್ಟರೆ ತಲೆಯ ಮೇಲಿನ ಸೆರಗು ಸರಿಮಾಡುತ್ತದೆ. ಮನೆಗಳ ಸಾಹೇಬರು ಧಾರವಾಡದಿಂದ ಹತ್ತು ಗಂಟೆಯ ಬಸ್ಸಿಗೆ ಬರುತ್ತಾರೆಂದು ಕಚೇರಿಯ ಗುಮಾಸ್ತ ಶಿದ್ಲಿಂಗಪ್ಪ ನಿನ್ನೆ ಹೇಳಿ ಹೋಗಿದ್ದ. ಬಂದವರು ಕೇಳುವುದು ಒಂದೇ ಪ್ರಶ್ನೆ, ಹೇಳಬೇಕಾದ ಉತ್ತರವೂ ಒಂದೇ. ‘ಹೌದ್ರಿ, ನನ್ನ ಮಗಳಿಗೆ ಮಗ್ಗದ ಕೆಲಸಾ ಬರ್ತೈತಿ, ನಾನಽ ಕಲಿಸೇನಿ.’ ಇಷ್ಟು ಅಂದರೆ ಹಲೀಮಾಬಿಗೆ ಮನೆ. ಬೆಳಿಗ್ಗೆ ಒಲೆ ಹಚ್ಚುವಾಗ ಹೇಳಿ ನೋಡಿದ್ದಳು, ನೀರು ಸೇದುವಾಗ ಹೇಳಿ ನೋಡಿದ್ದಳು. ಬಾಯಲ್ಲಿ ಮಾತೇನೋ ಸರಿಯಾಗಿಯೇ ಹೊರಡುತ್ತಿತ್ತು. ಆದರೆ ಹೇಳಿದಾಗಲೆಲ್ಲ ಬೇರೊಬ್ಬರ ಚಪ್ಪಲಿ ಮೆಟ್ಟಿ ನಡೆದಂತೆ ಆಗುತ್ತಿತ್ತು.

ಮಗ್ಗದವರಿಗೆಂದೇ ಸರಕಾರ ಅಣ್ಣಿಗೇರಿ ರಸ್ತೆಯ ಬಾಜುವಿನಲ್ಲಿ ಎಂಟು ಮನೆ ಕಟ್ಟಿಸುತ್ತಿತ್ತು. ಕೊಳ್ಳುವವರಿಗೆ ಸ್ವಂತ ಮನೆ ಇರಬಾರದು, ನೇಯಲು ಬರುತ್ತಿರಬೇಕು. ತಿಂಗಳಾ ಸ್ವಲ್ಪ ಸ್ವಲ್ಪ ಕಟ್ಟುತ್ತ ಹೋದರೆ ಹದಿನೈದು ವರ್ಷಕ್ಕೆ ಮನೆ ಅವರದೇ ಆಗುತ್ತದೆ. ಏಳು ಮನೆಗೆ ಹೆಸರು ಗೊತ್ತಾಗಿತ್ತು. ಎಂಟನೆಯದಕ್ಕೆ ಅರ್ಜಿ ಹಾಕಿದವಳು ಹಲೀಮಾ. ಯಾರನ್ನೂ ಕೇಳದೆ ಶಿದ್ಲಿಂಗಪ್ಪನ ಹತ್ತಿರ ಹೋಗಿ, ಕಾಗದ ತುಂಬಿ, ಸಹಿ ಮಾಡಿ ಬಂದು, ಆಮೇಲೆ ಒಲೆಯ ಮುಂದೆ ಕುಳಿತಿದ್ದ ತಾಯಿಗೆ ಹೇಳಿದಳು. ರಾಜಮಾಬಿ ರೊಟ್ಟಿ ತಿರುವಿ ಹಾಕಿದಳು. ಮರುದಿನ ನಮಾಜಿನ ಹೊತ್ತು ಮುಗಿದ ಮೇಲೆ ಹಲೀಮಾ ಅತ್ತಿಗೆ ಜೈನಬಿಯನ್ನು ಕರೆದುಕೊಂಡು ಆ ಜಾಗ ನೋಡಲು ಹೋದಳು. ಕರಿಮಣ್ಣು ಆಳಕ್ಕೆ ತೋಡಿ ಗಟ್ಟಿ ನೆಲ ಸಿಗುವ ತನಕ ಹೋಗಿ ಪಾಯ ಹಾಕಿದ್ದರಂತೆ. ತಿರುಗಿ ಬಂದವಳ ಕಾಲಿಗೆ ಮಣಕಾಲ ತನಕ ಕರಿಮಣ್ಣು. ತೊಳೆದುಕೊಳ್ಳದೆ ಹಾಗೇ ಕಟ್ಟೆಯ ಮೇಲೆ ಕುಳಿತು ಹೇಳತೊಡಗಿದಳು: “ಅಮ್ಮಾ, ಪಡಸಾಲಿ ನನ್ನ ಹೆಜ್ಜಿಲೆ ಹನ್ನೊಂದು ಹೆಜ್ಜಿ. ಅಡಗಿ ಮನಿ ಆರು. ಮಗ್ಗದ ಕೋಲಿ ಎತ್ತರ ಮಾಡ್ಯಾರ, ನಿಂತ ಮಗ್ಗ ಆರಾಮ ಹಿಡೀತೈತಿ. ಕಿಡಕಿ ಮೂಡಲಕ್ಕ ಐತಿ.” ತವರಿಗೆ ತಿರುಗಿ ಬಂದ ನಾಲ್ಕು ವರ್ಷಗಳಲ್ಲಿ ಒಂದೇ ಸಲಕ್ಕೆ ಅಷ್ಟು ಮಾತನ್ನು ಆ ಹುಡುಗಿ ಆಡಿದ್ದೇ ಇಲ್ಲ. ರಾಜಮಾಬಿ ಅವಳ ಬಾಯನ್ನೇ ನೋಡುತ್ತ ಕುಳಿತಿದ್ದಳು. ಒಬ್ಬ ಹೆಣ್ಣುಮಗಳು ಹೀಗೆ ಖುಷಿಪಡಲು ಇಷ್ಟೇ ಸಾಕಿತ್ತೇ, ಹನ್ನೊಂದು ಹೆಜ್ಜೆ?

ಸಾಕಿತ್ತು. ಗಂಡನ ಊರು ಮೊರಬದಿಂದ ಹಲೀಮಾ ತಿರುಗಿ ಬಂದಾಗ ಅವಳ ಜೊತೆ ಬಂದದ್ದು ಒಂದು ತಗಡಿನ ಟ್ರಂಕು. ಅವಳ ಗಂಡ ಜಹೀರುದ್ದೀನ ಟ್ರ್ಯಾಕ್ಟರು ಹೊಡೆಯುತ್ತಿದ್ದವನು ಹಳ್ಳದ ದಂಡೆಯಲ್ಲಿ ಅದರಡಿಗೇ ಸಿಕ್ಕು ಸತ್ತ. ಮದುವೆಯಾಗಿ ಮೂರು ವರ್ಷ ತುಂಬಿರಲಿಲ್ಲ, ಮಕ್ಕಳಿರಲಿಲ್ಲ. ವಿಧವೆ ಹೊರಬೀಳದೆ ಕಳೆಯುವ ಇದ್ದತ್ತಿನ ದಿನಗಳು ಮುಗಿದ ಮಾರನೆಯ ದಿನ ಮಾವನ ಮನೆಯವರು ಟ್ರಂಕನ್ನು ಬಸ್ಸಿನ ಮೇಲೆ ಹೇರಿಸಿ ಕಳಿಸಿದರು. ಇಲ್ಲಿ ಇರುವುದು ಎರಡು ಕೋಣೆ. ಒಳಗಿನದನ್ನು ಮಗ್ಗ ನುಂಗಿದೆ. ಹೊರಗಿನದರಲ್ಲಿ ಮಗ ಹಜರತಅಲಿ, ಅವನ ಹೆಂಡತಿ ಜೈನಬಿ, ಅವರ ಎರಡು ಕೂಸುಗಳು, ರಾಜಮಾಬಿ. ಟ್ರಂಕನ್ನು ಮೊದಲು ಗೋಡೆಗೆ ಇಟ್ಟರು. ಅಲ್ಲಿ ಕೂಸಿನ ತೊಟ್ಟಿಲು ಬಂದಿತು, ಟ್ರಂಕು ಬಾಗಿಲ ಹಿಂದೆ ಹೋಯಿತು. ಬಾಗಿಲು ಪೂರ್ತಿ ತೆರೆಯುವುದಿಲ್ಲವೆಂದು ಹಜರತಅಲಿ ಗೊಣಗಿದ, ಟ್ರಂಕು ಹಿತ್ತಲಿನ ತಗಡಿನ ಕೆಳಗೆ ಹೋಯಿತು. ಯಾರೂ ಅವಳಿಗೆ ಒಂದು ಕೆಟ್ಟ ಮಾತು ಅಂದವರಲ್ಲ, ಅದನ್ನು ಹೇಳಲೇಬೇಕು. ಜೈನಬಿಯಂತೂ ಒಡಹುಟ್ಟಿದವಳ ಹಾಗೆ ನೋಡಿಕೊಂಡಳು. ಆದರೆ ಹಲೀಮಾ ಎಲ್ಲಿ ಹಾಸಿದರೂ ಅದು ಯಾರದಾದರೂ ದಾರಿಯೇ. ನಸುಕಿಗೆ ಅಣ್ಣ ಹತ್ತಿ ಜಿನ್ನಿನ ಗಿರಣಿಯ ಪಾಳಿಗೆ ಹೊರಡುತ್ತಾನೆಂದು ಅವನಿಗಿಂತ ಮೊದಲು ಎದ್ದು ಹಾಸಿಗೆ ಸುತ್ತಿ ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದಳು. ಚಳಿಯಲ್ಲೂ. ಹಲ್ಲು ಉಜ್ಜುವ ನೆವದಲ್ಲಿ ಅರ್ಧ ತಾಸು ನಿಲ್ಲುತ್ತಿದ್ದಳು. ಕಂಡೂ ಕಾಣದವರ ಹಾಗೆ ರಾಜಮಾಬಿ ಆ ಕಡೆ ಹೊರಳಿ ಮಲಗುತ್ತಿದ್ದಳು.

ಆದರೆ ತೊಡಕು ಬೇರೆಯೇ ಇತ್ತು. ಹಲೀಮಾಗೆ ಮಗ್ಗ ಬರಬಾರದು. ಈ ಗಲ್ಲಿಯಲ್ಲಿ ಜಮಖಾನ ನೇಯುವವರು ಹೆಂಗಸರೇ, ಆದರೆ ಎಲ್ಲ ಹೆಂಗಸರೂ ಅಲ್ಲ, ಸೊಸೆಯರು ಮಾತ್ರ. ಸೊಸೆ ಬಂದು ಮನೆಗೆ ಹೊಂದಿಕೊಂಡ ಮೇಲೆ ಅತ್ತೆ ಅವಳನ್ನು ಒಳಕೋಣೆಗೆ ಕರೆದು, ನಿಂತ ಮಗ್ಗದ ಮುಂದೆ ಕೂಡಿಸಿ, ನವಿಲಿಗೆ ಎಷ್ಟು ಎಳೆ, ಚೌಕಾಬಾರದ ಮನೆಗೆ ಎಷ್ಟು ಎಳೆ ಎಂದು ಬಾಯಿಪಾಠ ಮಾಡಿಸುತ್ತಾಳೆ. ಕಾಗದದ ಮೇಲೆ ಒಂದು ಗೆರೆಯೂ ಇಲ್ಲ. ಮಗಳಿಗಾದರೆ ಬುದ್ಧಿ ತಿಳಿಯುವ ವಯಸ್ಸಾದ ಕೂಡಲೇ ಒಳಕೋಣೆಯ ಬಾಗಿಲಿಗೆ ಗೋಣಿಯ ಪರದೆ ಬೀಳುತ್ತದೆ. ಮಗಳು ನಾಳೆ ಗದಗಕ್ಕೋ ಹುಬ್ಬಳ್ಳಿಗೋ ಹೋಗುವವಳು. ಕೆಲಸವನ್ನೂ ಉಡಿಯಲ್ಲಿ ಕಟ್ಟಿಕೊಂಡು ಹೋದರೆ ಗಲ್ಲಿಯ ಗತಿ ಏನು? ಇದನ್ನು ಯಾರು ಯಾವಾಗ ಗೊತ್ತುಮಾಡಿದರೋ ರಾಜಮಾಬಿಗೆ ತಿಳಿಯದು, ತಿಳಿಯಬೇಕೆಂದು ಅನ್ನಿಸಿಯೂ ಇರಲಿಲ್ಲ. ಹುಡುಗಿಯ ಮದುವೆ ನಿಶ್ಚಯವಾದ ದಿನ ಗಲ್ಲಿಯ ಹಿರಿಯಳು ಎಲ್ಲರೆದುರಿಗೆ ತಾಯಿಯನ್ನು ಕೇಳುತ್ತಾಳೆ: ನಿನ್ನ ಮಗಳಿಗೆ ಮಗ್ಗ ಬರ್ತೈತೇನು? ತಾಯಿ ಹೇಳುತ್ತಾಳೆ: ಇಲ್ಲ, ನನ್ನ ಮಗಳ ಕೈಗೆ ನಾ ಮಗ್ಗ ಕೊಟ್ಟಿಲ್ಲ. ಮೂವರು ಹೆಣ್ಣುಮಕ್ಕಳ ನಿಶ್ಚಯದಲ್ಲಿ ಮೂರು ಸಲ ರಾಜಮಾಬಿ ಇದನ್ನು ಹೇಳಿದ್ದಳು. ಜಮಖಾನ ಕೊಳ್ಳಲು ಬಂದು ಹಲ್ಲು ಕಿರಿದು ವಿಚಾರಿಸುವ ಪರವೂರ ವ್ಯಾಪಾರಿಗಳಿಗೂ ಎಷ್ಟೋ ಸಲ ಹೇಳಿದ್ದಳು. ಹೇಳುವಾಗ ಎದೆ ಸ್ವಲ್ಪ ಮುಂದೆ ಬರುತ್ತಿತ್ತು. ಬಡವರ ಮನೆಯಲ್ಲಿ ಅಭಿಮಾನಪಡಲು ಏನಾದರೂ ಒಂದು ಬೇಕಲ್ಲ, ಅವಳದು ಇದು.

ಹಲೀಮಾಗೆ ಏಳು ವರ್ಷವಿದ್ದಾಗ ಒಮ್ಮೆ ಪರದೆ ಸರಿಸಿ ಒಳಗೆ ಬಂದುಬಿಟ್ಟಿದ್ದಳು. ಕಾಲಿಗೆ ಜಾಲಿಮುಳ್ಳು ನೆಟ್ಟಿತ್ತು, ತೆಗೆಸಿಕೊಳ್ಳಲು ಬಂದಿದ್ದಳು. ಒಂದು ಕಾಲಿನ ಮೇಲೆ ನಿಂತುಕೊಂಡು, ಅಳು ಮರೆತು, ಅರ್ಧ ನೇಯ್ದ ನವಿಲನ್ನೇ ಬಾಯಿ ತೆರೆದು ನೋಡುತ್ತಿದ್ದ ಆ ಮುಖಕ್ಕೆ ರಾಜಮಾಬಿ ಬಾರಿಸಿದಳು. “ಒಳಗ ಬರಬ್ಯಾಡಂತ ಎಷ್ಟ ಸಲಾ ಹೇಳ್ಬೇಕ ನಿನಗ?” ಮುಳ್ಳನ್ನು ಆಮೇಲೆ ತೆಗೆದಳು, ಅರಿಶಿನವನ್ನೂ ಹಚ್ಚಿದಳು, ಎಲ್ಲ ತಾಯಂದಿರ ಹಾಗೆ. ಅಂದಿನಿಂದ ಹುಡುಗಿ ಒಳಗೆ ಬರಲಿಲ್ಲ. ಪರದೆಯ ಆಚೆ ಗೋಡೆಗೆ ಬೆನ್ನು ಹಚ್ಚಿ ಕೂಡುತ್ತಿದ್ದಳು. ಒಳಗೆ ರಾಜಮಾಬಿಗೆ ಎಳೆ ಎಣಿಸುವಾಗ ಬಾಯಿಬಿಟ್ಟು ಎಣಿಸುವ ಚಾಳಿ. ಕೆಂಪು ನಾಲ್ಕು, ಬಿಟ್ಟು ಎರಡು, ಹಸಿರು ಒಂದು. ಆಮೇಲೆ ನೂಲನ್ನು ಬಡಿದು ಕೂಡಿಸುವ ಕಬ್ಬಿಣದ ಪಂಜದ ಸಪ್ಪಳ, ಮೂರು ಸಲ. ಹೊರಗೆ ಒಂದು ಕೂಸು ಕುಳಿತಿದೆಯೆಂದು ಗೊತ್ತಿದ್ದೇ ಎಣಿಸುತ್ತಿದ್ದಳೇ? ಕಣ್ಣಿಗೆ ಪರದೆ ಹಾಕಿದವಳು ಕಿವಿಯ ವಿಚಾರ ಮಾಡಲಿಲ್ಲವೇ? ಈಗ ಕಪ್ಪು ಒರೆಸುತ್ತ ನೆನೆಸಿಕೊಂಡರೆ, ಒಂದೆರಡು ಸಲವಾದರೂ ದನಿಯನ್ನು ಸ್ವಲ್ಪ ಎತ್ತರಿಸಿ ಎಣಿಸಿದ್ದೆನೇನೋ ಎನ್ನಿಸುತ್ತದೆ. ಹಾಗೆ ಅನ್ನಿಸುವುದು ಇವತ್ತು ಅನುಕೂಲವಾಗಿರುವುದರಿಂದಲೋ ಏನೋ. ಮನುಷ್ಯನಿಗೆ ತನ್ನ ಹಳೆಯ ತಪ್ಪುಗಳಿಗೆ ಹೊಸ ಬಟ್ಟೆ ತೊಡಿಸುವುದು ಬಲು ಸುಲಭ.

ಹಿಂದಿನ ತಿಂಗಳು ಒಂದು ಮಧ್ಯಾಹ್ನ ಮಗ್ಗದ ಮುಂದೆ ಕುಳಿತವಳ ಬೆರಳು ಒಂದು ಕಡೆ ತಡೆದಿತ್ತು. ನವಿಲಿನ ಕೊರಳ ಹತ್ತಿರ ನಾಲ್ಕು ಬೆರಳಗಲ ನೇಯ್ಗೆ. ಜೈನಬಿಯ ಹೊಡೆತ ಬಿರುಸು. ತನ್ನದು ಈಗೀಗ ವಯಸ್ಸಾಗಿ ಸಡಿಲು. ಇದು ಎರಡೂ ಅಲ್ಲ. ಒಂದೇ ಹದ, ಒಂದು ಎಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ನಲವತ್ತು ವರ್ಷ ನೇಯ್ದರೂ ತನಗೆ ಒಲಿಯದ ಹದ. ತಾನು ಕೆರೆಗೆ ನೀರಿಗೆ ಹೋದ ಹೊತ್ತಿನಲ್ಲಿ ಜೈನಬಿ ನಾದಿನಿಯನ್ನು ಇಲ್ಲಿ ಕೂಡಿಸುತ್ತಿದ್ದಾಳೆಂದು ತಿಳಿಯಲು ರಾಜಮಾಬಿಗೆ ಯಾರೂ ಹೇಳಬೇಕಾಗಿರಲಿಲ್ಲ. ಸಿಟ್ಟು ಬಂದಿತೇ? ಬಂದಿತು. ಅದಕ್ಕಿಂತ ಮೊದಲು ಇನ್ನೇನೋ ಬಂದಿತ್ತು, ಹೆಸರಿಲ್ಲದ್ದು, ಹೆಮ್ಮೆಯಂಥದು. ಆದರೆ ಕೈಗಳು ತಮ್ಮ ಪಾಡಿಗೆ ಆ ನಾಲ್ಕು ಬೆರಳನ್ನು ಬಿಚ್ಚತೊಡಗಿದವು. ಅರ್ಧ ಬಿಚ್ಚಿರುವಾಗ ಹಲೀಮಾ ಪರದೆಯ ಹತ್ತಿರ ಬಂದು ನಿಂತಳು. ಬಿಚ್ಚಿದ ನೂಲು ತಾಯಿಯ ಮಡಿಲಲ್ಲಿ ಸಿಂಬಿಯಾಗಿ ಬಿದ್ದಿತ್ತು. ಇಬ್ಬರೂ ನೋಡಿದರು. “ಅಮ್ಮಾ, ಚಾ ಮಾಡ್ಲೇನು?” ಎಂದಳು ಹಲೀಮಾ. “ಮಾಡು” ಎಂದಳು ರಾಜಮಾಬಿ. ಅಷ್ಟೇ. ಅಂದಿನಿಂದ ತಿಂಗಳೊಪ್ಪತ್ತು ಆ ಬಿಚ್ಚಿದ್ದು ಅವರಿಬ್ಬರ ನಡುವೆ ಹಾಗೇ ಬಿದ್ದಿತ್ತು, ಯಾರೂ ಎತ್ತಲಿಲ್ಲ.

ಅದಕ್ಕೇ ನಿನ್ನೆ ಶಿದ್ಲಿಂಗಪ್ಪ ಬಂದು, “ಅಮ್ಮಾರ, ನೀವು ಒಂದ ಮಾತ ಹೌದಂದ್ರ ಮುಗೀತು. ಅಕೀನ ಮಗ್ಗದ ಮುಂದ ಕೂಡಸ್ರಿ, ಸಾಹೇಬ್ರು ಒಂದ ಗಳಿಗಿ ನೋಡ್ತಾರ, ಕಲಿಸಿದವ್ರು ಯಾರಂತ ನಿಮ್ಮನ್ನ ಕೇಳ್ತಾರ” ಎಂದಾಗ ಅವಳು ಒಂದು ಕ್ಷಣವೂ ತಡೆಯದೆ “ಆಗ್ಲೆಪಾ, ಅಂತೀನಿ” ಎಂದುಬಿಟ್ಟಿದ್ದಳು. ಜೈನಬಿ ಬಾಯಿಗೆ ಕೈ ಹಚ್ಚಿದಳು. ಹಲೀಮಾ ತಾಯಿಯ ಕಡೆ ನೋಡಲಿಲ್ಲ, ಜೋಳದ ಮೊರವನ್ನು ತೆಗೆದುಕೊಂಡು ಹಿತ್ತಲಿಗೆ ಹೋದಳು. ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ರಾಜಮಾಬಿ ಇಣುಕಿ ನೋಡಿದರೆ ಅವಳು ಹಸನು ಮಾಡಿದ ಜೋಳವನ್ನೇ ಮತ್ತೆ ಮತ್ತೆ ಹಸನು ಮಾಡುತ್ತಿದ್ದಳು, ಕಣ್ಣಿಂದ ನೀರು ಸುರಿಯುತ್ತಿತ್ತು. ಗಲ್ಲಿ ಏನೆನ್ನುತ್ತದೆ ಎಂಬ ವಿಚಾರ ಬರಲಿಲ್ಲವೆಂದಲ್ಲ. ಅನ್ನಲಿ. ನೂಲು ಕೊಡುವುದು ಬಿಡುತ್ತಾರೋ, ಮದುವೆ ಮುಂಜಿಗೆ ಕರೆಯುವುದು ಬಿಡುತ್ತಾರೋ, ಬಿಡಲಿ. ಐವತ್ತೈದಾಯಿತು, ಇನ್ನು ಎಷ್ಟು ಮದುವೆ ಉಣ್ಣುವುದಿದೆ? ಹೀಗೆಲ್ಲ ಗಟ್ಟಿಯಾಗಿ ಮನಸ್ಸಿಗೆ ಹೇಳಿಕೊಂಡು ಮಲಗಿದ್ದಳು, ನಿದ್ದೆಯೂ ಬಂದಿತ್ತು.

“ಅಮ್ಮಾ, ಬಂದ್ರು” ಎಂದಳು ಜೈನಬಿ, ಕಿಟಕಿಯಿಂದ. ಒಳಕೋಣೆಯಲ್ಲಿ ಹಲೀಮಾ ಮಗ್ಗದ ಮುಂದೆ ಕುಳಿತಾಗಿತ್ತು. ಪರದೆಯನ್ನು ರಾಜಮಾಬಿಯೇ ಬೆಳಿಗ್ಗೆ ಬಿಚ್ಚಿ ಮಡಿಸಿ ಇಟ್ಟಿದ್ದಳು. ತೆರೆದ ಬಾಗಿಲಿನಲ್ಲಿ ಮಗಳ ಬೆನ್ನು ಕಾಣುತ್ತಿತ್ತು, ಹಸಿರು ರವಿಕೆ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ. ರಾಜಮಾಬಿ ನಿರೀಕ್ಷಿಸಿದ್ದು ಬೂಟು ಹಾಕಿದ, ಗದರಿಸಿ ಮಾತಾಡುವ ಒಬ್ಬ ಸಾಹೇಬನನ್ನು. ಅಂಥವನಿಗೆ ಸುಳ್ಳಾಗಲಿ ಖರೆಯಾಗಲಿ ಹೇಳುವುದು ಅವಳಿಗೆ ಕಷ್ಟವಿರಲಿಲ್ಲ. ಬಂದವರು ಏಕನಾಥರಾಯರು, ನಿವೃತ್ತಿಗೆ ಹತ್ತಿರವಾದ ಮನುಷ್ಯ, ಕರಿ ಟೊಪ್ಪಿಗೆ, ಕೈಯಲ್ಲಿ ಕೊಡೆ. ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟರು. ತಲೆ ತಗ್ಗಿಸಿ ಒಳಗೆ ಬಂದು, ಹಾಸಿದ ಜಮಖಾನದ ನಟ್ಟನಡುವೆ ಕೂಡದೆ ಅಂಚಿಗೆ ಕುಳಿತರು. ನೀರು ಕೊಟ್ಟರೆ ಎರಡೂ ಕೈಯಿಂದ ತೆಗೆದುಕೊಂಡರು. ಶಿದ್ಲಿಂಗಪ್ಪ ಕಾಗದದ ಚೀಲ ಹಿಡಿದು ಅವರ ಹಿಂದೆ ಕುಳಿತ. ಅವರ ಬೆನ್ನಿಗೆ ಖಾದರಬಿಯೂ ಬಂದಳು. ಗಲ್ಲಿಗೆ ಹಿರಿಯಳು, ಸಾಹೇಬರು ಮೊದಲು ಅವಳ ಮನೆಗೆ ಹೋಗಿದ್ದರಂತೆ, ದಾರಿ ತೋರಿಸುವ ನೆವದಲ್ಲಿ ಜೊತೆಗೇ ಬಂದಿದ್ದಳು. ಬಂದವಳು ಬಾಗಿಲ ಚೌಕಟ್ಟಿಗೆ ಒರಗಿ, ಮಂಡಿಯ ಮೇಲೆ ಕೈ ಇಟ್ಟುಕೊಂಡು ಕುಳಿತಳು. ತೆರೆದ ಒಳಕೋಣೆಯ ಕಡೆ ಅವಳ ಕಣ್ಣು ಹೋದದ್ದನ್ನು ರಾಜಮಾಬಿ ನೋಡಿದಳು. ಖಾದರಬಿ ಇದ್ದರೂ ಹೇಳುತ್ತೇನೆ, ಎಂದುಕೊಂಡಳು. ನಿಜವಾಗಿಯೂ ಎಂದುಕೊಂಡಳು.

ಏಕನಾಥರಾಯರು ಕೂಡಲೇ ಕೆಲಸದ ಮಾತಿಗೆ ಬರಲಿಲ್ಲ. ಮಕ್ಕಳು ಎಷ್ಟು, ಹಿರಿಯ ಹೆಣ್ಣುಮಕ್ಕಳನ್ನು ಎಲ್ಲಿಗೆ ಕೊಟ್ಟಿರಿ, ಗದಗಿನಲ್ಲಿ ಯಾವ ಓಣಿ ಎಂದೆಲ್ಲ ಕೇಳಿದರು. ಚಹಾ ಕುಡಿದು “ಅಗದಿ ಛಲೋ ಆಗ್ಯದ” ಎಂದರು. ಬಹಳ ದಿನಗಳ ಮೇಲೆ ಒಬ್ಬ ಹಿರಿಯ ಮನುಷ್ಯ ಹೀಗೆ ಮರ್ಯಾದೆಯಿಂದ ಈ ಮನೆಯಲ್ಲಿ ಕುಳಿತಿದ್ದ. ರಾಜಮಾಬಿಗೆ ಹಗುರೆನಿಸಿತು. ಭುಜ ಇಳಿಯಿತು, ಬೆಳಿಗ್ಗೆಯಿಂದ ತಡಕಾಡುತ್ತಿದ್ದ ಕೈಗಳು ಮಡಿಲಿನಲ್ಲಿ ಸುಮ್ಮನಾದವು. ನಿಶ್ಚಯಕ್ಕೆ ಬೀಗರು ಬಂದು ಕುಳಿತ ದಿನಗಳು ನೆನಪಾದವು, ಆ ಬೆಲ್ಲದ ವಾಸನೆ, ಹೊಸ ಜಮಖಾನ, ಬಾಗಿಲಲ್ಲಿ ಖಾದರಬಿ. ಏಕನಾಥರಾಯರು ಕಪ್ಪು ಕೆಳಗಿಟ್ಟು, ಟೊಪ್ಪಿಗೆ ಸರಿಮಾಡಿಕೊಂಡು, ಅದೇ ಮೆದು ದನಿಯಲ್ಲಿ ಕೇಳಿದರು:

“ಮತ್ತ, ನಿಮ್ಮ ಮಗಳಿಗೆ ಮಗ್ಗದ ಕೆಲಸಾ ಬರ್ತದೇನ್ರಿ?”

“ಇಲ್ರಿ” ಎಂದಳು ರಾಜಮಾಬಿ. “ನನ್ನ ಮಗಳ ಕೈಗೆ ನಾ ಮಗ್ಗ ಕೊಟ್ಟಿಲ್ರಿ.”

ಎದೆ ಸ್ವಲ್ಪ ಮುಂದೆ ಬಂದಿತ್ತು. ಖಾದರಬಿ ತಲೆಯಾಡಿಸಿದಳು, ಪ್ರತಿ ನಿಶ್ಚಯದಲ್ಲಿ ಆಡಿಸುವ ಹಾಗೆ. ಒಳಕೋಣೆಯಲ್ಲಿ ಬಡಿಯುತ್ತಿದ್ದ ಪಂಜ ನಿಂತಿತು. ಆಗ ರಾಜಮಾಬಿಗೆ ತಾನು ಏನು ಹೇಳಿದೆನೆಂಬುದು ಕೇಳಿಸಿತು.

ಜೈನಬಿಯ ಕೈಯಲ್ಲಿದ್ದ ಚಹಾದ ತಾಟು ಓರೆಯಾಯಿತು. ಶಿದ್ಲಿಂಗಪ್ಪ ಮುಂದೆ ಬಾಗಿ, “ಅಮ್ಮಾರ, ಸಾಹೇಬ್ರು ಹಲೀಮಾಬಿ ಬಗ್ಗೆ ಕೇಳಾಕತ್ತಾರ್ರಿ. ನೋಡಿ ಹೇಳ್ರಿ, ಗಡಬಡಿ ಇಲ್ಲ” ಎಂದ. ಪಾಪ, ಅವನ ಹಣೆಯ ಮೇಲೆ ಬೆವರು ಬಂದಿತ್ತು. ರಾಜಮಾಬಿ ಬಾಯಿ ತೆರೆದಳು. ಬೆಳಿಗ್ಗೆ ಒಲೆಯ ಮುಂದೆ, ಬಾವಿಯ ಕಟ್ಟೆಯ ಮೇಲೆ ಅಷ್ಟು ಸಲೀಸಾಗಿ ಬಂದ ಮಾತು ಈಗ ಎಲ್ಲಿ ಹೋಯಿತು? “ಅಲ್ರಿ… ಅಂದ್ರ… ಅಕೀಗೆ ಬರ್ತೈತ್ರಿ, ನಾ ಹಂಗಽ ರೂಢೀಲೆ…” ಎಂದು ತೊದಲಿದಳು. ಏಕನಾಥರಾಯರು ನಕ್ಕರು, ಕೆಟ್ಟ ನಗೆಯಲ್ಲ, ಮನೆಯ ಹಿರಿಯರು ನಗುವ ನಗೆ. “ಇರ್ಲಿ ಬಿಡ್ರಿ. ತಾಯಿ ಕರಳು ಯಾರದರೇ ಹಂಗಽ ಅದ. ಮೊದಲ ಬಂದ ಮಾತು ಖರೆ ಮಾತು. ನೀವು ಖರೆ ಹೇಳಿದ್ದಕ್ಕ ನನಗ ಸಂತೋಷ ಆತು.” ಆ ಒಳ್ಳೆಯತನದ ಮುಂದೆ ಅವಳಿಗೆ ನಿಲ್ಲಲಾಗಲಿಲ್ಲ. ಬೈದಿದ್ದರೆ ಕಾಲು ಹಿಡಿಯಬಹುದಿತ್ತು.

ಅವರು ಎದ್ದು ಒಳಕೋಣೆಯ ಬಾಗಿಲಿಗೆ ಹೋದರು. ಎಲ್ಲರೂ ಎದ್ದರು. ಹಲೀಮಾ ಸೆರಗು ಹೊದ್ದು, ಬಲಗೈಯಲ್ಲಿ ಕೆಂಪು ನೂಲು ಹಿಡಿದು ಹಾಗೇ ಕುಳಿತಿದ್ದಳು. “ನೀನಽ ಹೇಳವಾ. ನೇಯಲಿಕ್ಕೆ ಬರ್ತದೋ ಇಲ್ಲೋ? ಬರ್ತದಂದ್ರ ನಾಕು ಎಳಿ ಹಾಕಿ ತೋರಿಸು, ನಾ ಬರ್ಕೊಂಡು ಹೋಗ್ತೀನಿ.” ಹಾಕು, ಎಂದು ರಾಜಮಾಬಿಯ ಇಡೀ ಮೈ ಕೂಗಿತು. ಹಾಕು ಮಗಳೇ, ನನ್ನನ್ನು ಸುಳ್ಳಿ ಮಾಡು, ಗಲ್ಲಿ ನನ್ನ ಮುಖಕ್ಕೆ ಉಗುಳಲಿ, ನಾಲ್ಕೇ ಎಳೆ. ಹಲೀಮಾ ತಿರುಗಿ ನೋಡಿದಳು. ಮೊದಲು ತಾಯಿಯನ್ನು, ಆಮೇಲೆ ತಾಯಿಯ ಹೆಗಲ ಹಿಂದೆ ನಿಂತ ಖಾದರಬಿಯನ್ನು, ಮತ್ತೆ ತಾಯಿಯನ್ನು. ನೂಲನ್ನು ಮಗ್ಗದ ಕಟ್ಟಿಗೆಗೆ ಒಂದು ಸುತ್ತು ಸುತ್ತಿ, ಜಾರದ ಹಾಗೆ ಸಿಕ್ಕಿಸಿ, ಎದ್ದು ನಿಂತಳು. ಆ ಸುತ್ತುವ ರೀತಿಯನ್ನು ನೋಡಿಯೇ ಬಲ್ಲವರು ಬಲ್ಲರು; ಸಾಹೇಬರು ಬಲ್ಲವರಾಗಿರಲಿಲ್ಲ. ಖಾದರಬಿ ನೆಲ ನೋಡಿದಳು.

“ಇಲ್ರಿ” ಎಂದಳು ಹಲೀಮಾ. “ಅಮ್ಮ ಹೇಳಿದ್ದು ಖರೆ ಐತ್ರಿ. ಮನಿ ಆಸೆಕ್ಕ ನಾ ಸುಮ್ಮನ ಕುಂತಿದ್ದೆ.”

ತನ್ನ ನಾಲಗೆ ಜಾರಿತೇ, ಅಥವಾ? ಗೋಡೆಗೆ ಕೈ ಹಚ್ಚಿ ನಿಂತ ರಾಜಮಾಬಿಯೊಳಗೆ ಈ ಪ್ರಶ್ನೆ ಸುತ್ತತೊಡಗಿತು. ಮಗಳು ಮೂಡಣ ಕಿಟಕಿಯ ಮನೆಗೆ ಹೋಗಿಬಿಟ್ಟರೆ ಕೆಮ್ಮು ಬಂದಾಗ ಬೆನ್ನು ನೀವುವವರು ಯಾರೆಂದು ಎಂದಾದರೂ ಅನ್ನಿಸಿರಲಿಲ್ಲವೇ? ಅನ್ನಿಸಿತ್ತು, ಒಂದು ಸಲ. ಆ ಒಂದು ಸಲದ್ದೇ ಹೊಂಚು ಹಾಕಿ ಕುಳಿತಿತ್ತೇ? ಅಥವಾ ಅವಳ ಹದ ತನ್ನ ಹದಕ್ಕಿಂತ ಮೇಲೆಂಬ ಹೊಟ್ಟೆಕಿಚ್ಚೇ? ಇಲ್ಲ ಇಲ್ಲ, ರೂಢಿ, ಬರೀ ರೂಢಿ, ನಲವತ್ತು ವರ್ಷದ ರೂಢಿ. ರೂಢಿಯೆಂದರೆ ಯಾರು? ಅದಕ್ಕೆ ಮುಖವಿದ್ದರೆ ಅದು ತನ್ನ ಮುಖವೇ. ಅವಳಿಗೆ ಅಲ್ಲೇ ನೆಲಕ್ಕೆ ಕುಸಿದು ಎದೆ ಬಡಿದುಕೊಳ್ಳಬೇಕೆನ್ನಿಸಿತು. ಆದರೆ ಮನೆಯಲ್ಲಿ ದೊಡ್ಡ ಮನುಷ್ಯರು ನಿಂತಿದ್ದರು. ಅವಳು ಸೆರಗು ಸರಿಮಾಡಿಕೊಂಡಳು.

ಏಕನಾಥರಾಯರಿಗೂ ಕೆಡುಕೆನಿಸಿದ್ದು ಕಾಣುತ್ತಿತ್ತು. ಬರಿಗೈಯಲ್ಲಿ ಹೋಗುವ ಮನಸ್ಸಿಲ್ಲದೆ ಮಗ್ಗದ ಮೇಲಿನ ನವಿಲನ್ನು ಕನ್ನಡಕ ಏರಿಸಿ ನೋಡಿದರು. “ಹಂಗಾದ್ರ ಇದು ಯಾರ ಕೈ?” “ಈ ಮನಿ ಸೊಸಿದ್ರಿ” ಎಂದಳು ಖಾದರಬಿ, ಯಾರೂ ಕೇಳದೆಯೇ, “ಜೈನಬಿ. ಛಲೋ ಕೆಲಸಗಾರ್ತಿರಿ.” “ಮನೀ ಯಾರ ಹೆಸರಲೆ ಅದ?” “ಈ ಅಮ್ಮಾರ ಹೆಸರಲೆ ಐತ್ರಿ” ಎಂದ ಶಿದ್ಲಿಂಗಪ್ಪ. ಸಾಹೇಬರ ಮುಖ ಅರಳಿತು. “ಮತ್ತ ಅಡ್ಡಿ ಏನದ? ಸೊಸಿ ಹೆಸರಲೆ ಸ್ವಂತ ಮನಿ ಇಲ್ಲ, ಕೆಲಸಾ ಬರ್ತದ. ಇವತ್ತ ಯಾದಿ ಕಳಿಸ್ಬೇಕು. ಅಕೀ ಹೆಸರಲೆ ಒಂದು ಅರ್ಜಿ ತುಂಬ್ರಿ. ಮನಿ ಅಂತೂ ಈ ಮನಿತನದಾಗ ಉಳೀತದಲ್ಲ!” ಎಲ್ಲರಿಗೂ ಒಳ್ಳೆಯದು ಮಾಡಿದ ಸಮಾಧಾನದಿಂದ ಅವರು ಮತ್ತೆ ಜಮಖಾನದ ಅಂಚಿಗೆ ಹೋಗಿ ಕುಳಿತರು. ಜೈನಬಿ “ನನಗ ಬ್ಯಾಡ್ರಿ, ನನಗ ಯಾಕ್ರಿ” ಎನ್ನುತ್ತ ಹಿಂದೆ ಸರಿದಳು. ನಾದಿನಿಯ ಕೈ ಹಿಡಿದುಕೊಂಡು ಅಳತೊಡಗಿದಳು. ಅದು ನಾಟಕವಲ್ಲ. ಆದರೆ ಅಳುತ್ತಿದ್ದವಳ ಕಣ್ಣು ಒಂದು ಸಲ, ಒಂದೇ ಸಲ, ಬಾಗಿಲಲ್ಲಿ ಆಡುತ್ತಿದ್ದ ತನ್ನ ಎರಡು ಕೂಸುಗಳ ಕಡೆ ಹೋಗಿ ಬಂದದ್ದನ್ನು ರಾಜಮಾಬಿ ಕಂಡಳು. ಯಾವ ತಾಯಿಯ ಕಣ್ಣು ಹೋಗುವುದಿಲ್ಲ? ಕೆಲಸವನ್ನು ಸೊಸೆಗೆ ಕೊಟ್ಟಾಗಿತ್ತು; ಈಗ ಮನೆ ತಾನಾಗಿಯೇ ಆ ಕೆಲಸದ ಹಿಂದೆ ಹೊರಟಿತ್ತು.

“ಬರಿಯಾಕ ಯಾರಿಗೆ ಬರ್ತೈತಿ?” ಎಂದ ಶಿದ್ಲಿಂಗಪ್ಪ ತಗ್ಗಿದ ದನಿಯಲ್ಲಿ, ಖಾಲಿ ಕಾಗದ ತೆಗೆದು. ಅವನಿಗೆ ಗೊತ್ತಿತ್ತು; ಕೇಳದೆ ಗತಿಯಿರಲಿಲ್ಲ. ಆ ಮನೆಯಲ್ಲಿ ನಾಲ್ಕನೆಯ ತರಗತಿ ತನಕ ಓದಿದವಳು ಒಬ್ಬಳೇ. ಹಲೀಮಾ ಜೈನಬಿಯ ಹಿಡಿತದಿಂದ ಮೆಲ್ಲಗೆ ಕೈ ಬಿಡಿಸಿಕೊಂಡು, “ಅಳಬ್ಯಾಡ ಭಾಬಿ, ಕೂಸುಗೋಳು ಅಂಜ್ತಾವ” ಎಂದು, ನೆಲದ ಮೇಲೆ ಕುಳಿತು ಪೆನ್ನು ತೆಗೆದುಕೊಂಡಳು. ಅರ್ಜಿದಾರರ ಹೆಸರು. ಗಂಡನ ಹೆಸರು. ವಯಸ್ಸು. ಅವಳ ಅಕ್ಷರ ದುಂಡಗೆ, ಒಂದರ ಮೇಲೊಂದು ಬೀಳದೆ ಸಾಲಾಗಿ ಬರುತ್ತಿತ್ತು. ಸಾಹೇಬರು “ಅಕ್ಷರ ಛಂದ ಅದ” ಎಂದರು. ಕಲಿಸಿದವರ ಹೆಸರು ಎಂಬಲ್ಲಿಗೆ ಬಂದಾಗ ಅವಳು ತಡೆಯಲಿಲ್ಲ, ಯಾರನ್ನೂ ಕೇಳಲಿಲ್ಲ. ರಾಜಮಾಬಿ, ಅತ್ತೆ, ಎಂದು ಬರೆದಳು.

ಅದರ ಕೆಳಗೆ ಕಲಿಸಿದವಳ ಹೆಬ್ಬೆಟ್ಟು ಬೇಕಿತ್ತು. ಶಿದ್ಲಿಂಗಪ್ಪ ಮಸಿಯ ಡಬ್ಬಿ ತೆರೆದಿಟ್ಟ. ರಾಜಮಾಬಿ ಬಂದು ಮಗಳ ಎದುರಿಗೆ ಕುಳಿತಳು. ಕೈ ಚಾಚಿದಳು, ಮಸಿ ಎಲ್ಲಿದೆಯೋ ಕಾಗದ ಎಲ್ಲಿದೆಯೋ ಕಾಣದಾಯಿತು. ಏನಾದರೂ ಅನ್ನು, ಎಂದು ಅವಳು ಮಗಳ ಮುಖ ನೋಡಿದಳು. ಬೈ. ಏಳು ವರ್ಷದವಳಿದ್ದಾಗ ತಿಂದ ಹೊಡೆತವನ್ನು ಇವತ್ತು ತಿರುಗಿ ಕೊಡು. ಹಲೀಮಾ ತಾಯಿಯ ಹೆಬ್ಬೆರಳನ್ನು ತನ್ನ ಎರಡು ಬೆರಳಿನಲ್ಲಿ ಹಿಡಿದು ಮಸಿಗೆ ಒತ್ತಿ, ಎತ್ತಿ, ಕಾಗದದ ಮೇಲೆ ಇಟ್ಟು, ಅತ್ತಿತ್ತ ಹೊರಳದಂತೆ ಒಂದು ಸಲ ಅಮುಕಿ ತೆಗೆದಳು. ಗುರುತು ಸ್ವಚ್ಛವಾಗಿ ಮೂಡಿತ್ತು. ಖಾದರಬಿ ಏಳುತ್ತ, “ರಾಜಮಾ, ಗಲ್ಲಿ ಮಾನಾ ಉಳಿಸಿದಿ ನೋಡವಾ” ಎಂದಳು. ಸಾಹೇಬರು ಹೊರಗೆ ಚಪ್ಪಲಿ ಹುಡುಕುತ್ತಿದ್ದರು. ಹಲೀಮಾ ಆ ಹೆಬ್ಬೆರಳನ್ನು ಇನ್ನೂ ಬಿಟ್ಟಿರಲಿಲ್ಲ. ತನ್ನ ಸೆರಗಿನ ತುದಿಯನ್ನು ಉಳಿದ ನೀರಿನಲ್ಲಿ ಅದ್ದಿ, ಉಗುರಿನ ಸಂದಿಯ ತನಕ ಮಸಿಯನ್ನು ಒರೆಸುತ್ತಿದ್ದಳು, ಮೆಲ್ಲಗೆ, ನೋಯದ ಹಾಗೆ. ಆ ಕೈಯೊಂದು ಒರಟಾಗಿದ್ದರೆ ರಾಜಮಾಬಿ ಅತ್ತಾದರೂ ಬಿಡುತ್ತಿದ್ದಳು.